ಮನೆಯವರು ಹಿಡಿದ ಅಳತೆ

ವೆಂಕಣ್ಣ ಗೋಡೆಗೆ ಬೆನ್ನು ಹಚ್ಚಿ, ಬರಿಗಾಲಲ್ಲಿ, ತೊಡೆಗಳ ನಡುವೆ ಹಳೆಯ ಶಾಲಾ ಅಟ್ಲಾಸ್ ಒಂದನ್ನು ಸಿಕ್ಕಿಸಿಕೊಂಡು ನಿಂತಿದ್ದರು. ದಪ್ಪ ರಟ್ಟಿನ ಆ ಅಟ್ಲಾಸ್ ಸೈಕಲ್ಲಿನ ಸೀಟಿನ ಪಾತ್ರ ವಹಿಸುತ್ತಿತ್ತು. ಅದರ ಮೇಲಂಚಿನಿಂದ ನೆಲದವರೆಗಿನ ಅಳತೆ ಸಿಕ್ಕರೆ ಸೀಟು ಎಷ್ಟು ಎತ್ತರ ಇರಬೇಕು ಎನ್ನುವುದು ಲೆಕ್ಕಕ್ಕೆ ಸಿಗುತ್ತದೆ. ಅವರ ಹೆಂಡತಿ ಮಂದಾಕಿನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಟೇಪು ಹಿಡಿದು, ಗಂಡನ ಕಾಲ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಸೈಕಲ್ಲನ್ನು ಮೈಗೆ ಹೊಂದಿಸಿಕೊಡುವ ಫಿರದೋಸ ಮಾತ್ರ ಅಂಗಡಿಯ ಬಾಗಿಲಲ್ಲಿ, ಇಬ್ಬರಿಗೂ ಬೆನ್ನು ಮಾಡಿ, ಓಣಿಯ ಕಡೆ ನೋಡುತ್ತ ನಿಂತಿದ್ದರು.

"ಪುಸ್ತಕ ಇನ್ನಷ್ಟು ಮ್ಯಾಲೆ ಒತ್ರಿ ಕಾಕಾ. ಸೀಟಿನ ಮ್ಯಾಲೆ ಕುಂತಂಗ ಅನಸಬೇಕು."

"ಆಫ್ರಿಕಾ ಖಂಡ ಚುಚ್ಚಲಿಕ್ಕತ್ತದ, ತಂಗಿ."

"ಸುಮ್ನ ನಿಂದರ್ರಿ," ಎಂದರು ಮಂದಾಕಿನಿ. "ಸಾಲ್ಯಾಗ ಹುಡುಗ್ಯಾರು ಇಷ್ಟು ಅಳ್ಳಾಡಂಗಿಲ್ಲ."

ಮಂದಾಕಿನಿ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಅವರು ಅಂಕಿಯನ್ನು ಜೋರಾಗಿ, ಎರಡು ಸಲ ಓದಿದರು. ಫಿರದೋಸ ತಿರುಗಿ ನೋಡದೆ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡರು. ಗಣಿತದ ಟೀಚರು ಎರಡು ಸಲ ಓದಿದ ಅಂಕಿಯನ್ನು ಸಂಶಯಿಸುವ ಕಾರಣ ಯಾರಿಗೂ ಇರಲಿಲ್ಲ.

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಎದುರಿನಿಂದ ಆಟೊ ಬಂದರೆ ಸೈಕಲ್ಲಿನವನು ಯಾರದೋ ಮನೆಯ ಕಟ್ಟೆಗೆ ಕಾಲು ಕೊಡಬೇಕು. ಅಂಗಡಿಯ ಫಲಕದ ಮೇಲೆ ಇಂದಿಗೂ ಫಿರದೋಸ ಅವರ ತಂದೆಯ ಹೆಸರೇ ಇದೆ: ಇಮಾಮಹುಸೇನ ಸೈಕಲ್ ಮಾರ್ಟ್. ತಾಸಿನ ಬಾಡಿಗೆಗೆ ಸೈಕಲ್ ಸಿಗುತ್ತಿದ್ದ ಕಾಲದಲ್ಲಿ ಇಮಾಮಹುಸೇನರು ಈ ಕಡೆಯ ಅರ್ಧ ಜನಕ್ಕೆ ಸೈಕಲ್ ಹೊಡೆಯಲು ಕಲಿಸಿದವರು. ಬಾಡಿಗೆ ಸೈಕಲ್ಲು ಹೋಯಿತು, ಪಂಕ್ಚರ್ ಉಳಿಯಿತು. ಪಂಕ್ಚರೂ ಕಡಿಮೆಯಾದ ಮೇಲೆ ಚಿಕ್ಕ ಮಕ್ಕಳ ಸೈಕಲ್ಲಿಗೆ ಪಕ್ಕದ ಗಾಲಿ ಜೋಡಿಸುವ ಕೆಲಸವಷ್ಟೇ ಉಳಿಯಿತು. ಅಷ್ಟರಲ್ಲಿ ವಿದ್ಯಾನಗರದ ಕಡೆಯ ಉಳ್ಳವರಿಗೆ ಡಾಕ್ಟರುಗಳು ಸೈಕಲ್ ಹೊಡೆಯಲು ಹೇಳತೊಡಗಿದರು. ಅವರು ಗೇರಿನ ಸೈಕಲ್ ಕೊಂಡರು. ಕೊಂಡ ಮೇಲೆ ಸೊಂಟ, ಕುತ್ತಿಗೆ, ಅಂಗೈ ನೋವೆಂದು ಅದೇ ಡಾಕ್ಟರುಗಳ ಬಳಿ ಹೋದರು.

ನೋವು ಸೈಕಲ್ಲಿನದಲ್ಲ, ಸೀಟು ಮತ್ತು ಹ್ಯಾಂಡಲ್ ಇಟ್ಟ ರೀತಿಯದು ಎಂದು ಫಿರದೋಸ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡರು. ಪುಣೆಯಲ್ಲಿ ಇದನ್ನೇ ಕಲಿಸುವ ಕಡೆ ಹೋಗಿ ಕೆಲವು ದಿನ ಇದ್ದೂ ಬಂದರು. ಗಂಡ ಹಫೀಜ ಲಾರಿ ನಡೆಸುತ್ತಾರೆ; ಸೈಕಲ್ಲಿನ ಬಗ್ಗೆ ಅವರಿಗೆ ಅಭಿಪ್ರಾಯವಿಲ್ಲ. ಅಭಿಪ್ರಾಯ ಇದ್ದದ್ದು ಇಮಾಮಹುಸೇನರಿಗೆ. ಈ ಮನೆಯಲ್ಲಿ ಮಾತು ಉರ್ದುವಿನಲ್ಲಿ, ವ್ಯಾಪಾರ ಕನ್ನಡದಲ್ಲಿ, ಜಗಳ ಎರಡರಲ್ಲೂ ನಡೆಯುತ್ತದೆ. ಫಿರದೋಸ ಅಳತೆಯ ಮಾತು ಎತ್ತಿದ ದಿನದ್ದು ವ್ಯಾಪಾರದ ಜಗಳವಾದ್ದರಿಂದ ಕನ್ನಡದಲ್ಲಿ ಆಯಿತು.

"ಸೈಕಲ್ಲಿಗೆ ಮನಶ್ಯಾ ಹೊಂದಿಕೋಬೇಕು. ಮನಶ್ಯಾಗ ಸೈಕಲ್ ಹೊಂದಸೋದು ಯಾವ ಪದ್ಧತಿ?"

"ಅಂಗಿ ಹೊಲಿಯೋ ಮುಂದ ಅಳತಿ ತಗೋತಾರಿಲ್ಲ ಅಬ್ಬಾ?"

"ತಗೋ. ಬ್ಯಾಡ ಅನ್ನಂಗಿಲ್ಲ. ಆದ್ರ ಅಂಗಡ್ಯಾಗ ಕುಂತು ಗಂಡಸರ ಕಾಲಿಗೆ ಕೈ ಹಚ್ಚಂಗಿಲ್ಲ. ಅವತ್ತ ಶಟರ್ ಎಳೀತೇನಿ."

"ಕಾಲು ಮುಟ್ಟದ ಕಾಲಿನ ಅಳತಿ ಹೆಂಗ ತಗೋಲಿ?"

"ಪುಣೆಕ್ಕ ಹೋಗಿದ್ದಿ ಹೌದಿಲ್ಲೋ? ಅವರನ್ನ ಕೇಳು."

ಪುಣೆಯವರನ್ನು ಕೇಳಲಿಲ್ಲ. ಬದಲಿಗೆ ಫಿರದೋಸ ಒಂದು ನಿಯಮ ಮಾಡಿದರು: ಅಳತೆ ಕೊಡುವವರು ಮನೆಯವರೊಬ್ಬರನ್ನು ಜೊತೆಗೆ ಕರೆತರಬೇಕು. ಎಲ್ಲಿ ಹಿಡಿಯಬೇಕು, ಎಲ್ಲಿ ಓದಬೇಕು ಎಂದು ಫಿರದೋಸ ಬಾಗಿಲಲ್ಲಿ ನಿಂತು ಹೇಳುತ್ತಾರೆ. ಹೆಂಡತಿಯೋ ತಾಯಿಯೋ ಗೆಳೆಯನೋ ಟೇಪು ಹಿಡಿಯುತ್ತಾರೆ. ತೂಗುಗುಂಡಿನ ದಾರವನ್ನು ಮೊಣಕಾಲಿಗೆ ಹಿಡಿಯುವವರೂ ಅವರೇ. ಬಂದವರು ಇದನ್ನು ಮರ್ಯಾದೆಯ ವಿಷಯ ಎಂದುಕೊಳ್ಳಲಿಲ್ಲ, ತಂತ್ರಜ್ಞಾನ ಎಂದುಕೊಂಡರು. ಸೈಕಲ್ ಕ್ಲಬ್ಬಿನಲ್ಲಿ ಯಾರೋ ಇದು ಡೆನ್ಮಾರ್ಕಿನ ಪದ್ಧತಿ ಎಂದೂ ಹೇಳಿದರು. ಫಿರದೋಸ ಅಲ್ಲಗಳೆಯಲಿಲ್ಲ.

ಅಳತೆಗೆ ಬಂದ ಗಂಡಹೆಂಡಿರು ಒಬ್ಬರ ಮೈಯನ್ನು ಇನ್ನೊಬ್ಬರು ಹೊಸದಾಗಿ ನೋಡುವ ಜಾಗವಾಯಿತು ಅಂಗಡಿ. ಒಬ್ಬ ಹೆಂಗಸು ಎರಡೂ ಕಾಲು ಅಳೆದು ಟೇಪು ಕೆಳಗಿಟ್ಟು, "ಎಡಗಾಲು ಗಿಡ್ಡ ಅದಲ್ರೀ. ಹೆಣ್ಣು ನೋಡ್ಲಿಕ್ಕೆ ಬಂದಾಗ ಇದನ್ನ ಹೇಳೇ ಇಲ್ಲ," ಎಂದು ಗಂಡನನ್ನು ಕೇಳಿದ್ದರು. "ಅವತ್ತ ನಾ ಕೂತಿದ್ದೆ," ಎಂದಿದ್ದರು ಗಂಡ.

ಈ ಊರಿನಲ್ಲಿ ಸೈಕಲ್ಲಿನ ಸೀಟನ್ನು ಇಡುವುದು ಓಡಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ಪೂರಾ ನೆಲಕ್ಕೆ ಹತ್ತಬೇಕು, ಸ್ಕೂಟರಿನಲ್ಲಿ ಹತ್ತುವ ಹಾಗೆ. ಹಾಗೆ ಇಟ್ಟರೆ ತುಳಿಯುವಾಗ ಮೊಣಕಾಲು ಎದೆಯ ತನಕ ಬರುತ್ತದೆ, ಕಾಲು ಎಂದೂ ನೀಟಾಗಿ ಚಾಚುವುದಿಲ್ಲ. ನಾಲ್ಕು ಹೆಜ್ಜೆ ದೂರದ ಅಂಗಡಿಗೆ ಅದು ನಡೆಯುತ್ತದೆ. ಧಾರವಾಡ ದಾಟಿ ಹೋಗುವವರಿಗೆ ನಡೆಯುವುದಿಲ್ಲ. ಫಿರದೋಸ ಮಾಡುತ್ತಿದ್ದ ಕೆಲಸ ಬಹುಪಾಲು ಸೀಟು ಏರಿಸುವುದೇ ಆಗಿತ್ತು.

ವೆಂಕಣ್ಣ ಧಾರವಾಡದ ಮನೆತನದವರು, ವಿದ್ಯಾನಗರದಲ್ಲಿ ಇರುತ್ತಾರೆ, ವಿಮೆಯ ಕಚೇರಿಯೊಂದರಲ್ಲಿ ಅಧಿಕಾರಿ. ಸಕ್ಕರೆ ಕಾಯಿಲೆಯ ಭಯಕ್ಕೆ ಸೈಕಲ್ ಹತ್ತಿದವರು ಈಗ ಕ್ಲಬ್ಬಿನ ಕಾರ್ಯದರ್ಶಿ. ಇಡೀ ನೌಕರಿಯಲ್ಲಿ ಅವರಿಂದ ಯಾರೂ ಪರ್ಫಾರ್ಮನ್ಸ್ ಕೇಳಿರಲಿಲ್ಲ. ನಿವೃತ್ತಿಯ ಹೊಸ್ತಿಲಲ್ಲಿ ಅವರೇ ತಮ್ಮಿಂದ ಅದನ್ನು ಕೇಳತೊಡಗಿದ್ದರು. ಫಿರದೋಸ ಅವರ ಅಂಗಡಿಗೆ ಕ್ಲಬ್ಬಿನ ಮಂದಿಯನ್ನೆಲ್ಲ ಕಳಿಸಿದವರೂ ಅವರೇ. ತಮ್ಮ ಸೈಕಲ್ಲಿಗೆ ಅಳತೆ ಕೊಟ್ಟದ್ದು ಮಾತ್ರ ಎಲ್ಲರಿಗಿಂತ ಕಡೆಗೆ, ಶಾಲೆಗೆ ರಜೆ ಬಂದು ಮಂದಾಕಿನಿಗೆ ಪುರಸೊತ್ತಾದ ಮೇಲೆ.

ಕೆಲವೇ ವಾರಗಳಲ್ಲಿ ಫೋನು ಬಂತು.

"ತಂಗಿ, ಮೊಳಕಾಲಿನ ಮುಂದ ಚಳಕು ಹೊಡೀಲಿಕ್ಕತ್ತದ. ಉಣಕಲ್ ಏರು ಹತ್ತಬೇಕಾದ್ರ ದೇವರು ಕಾಣಸ್ತಾನ."

"ಚಿಪ್ಪಿನ ಮ್ಯಾಲೋ, ಹಿಂದಕೋ ಕಾಕಾ?"

"ಮುಂದ ಅಂದೆನಲ್ಲ, ಚಿಪ್ಪಿನ ಮ್ಯಾಲೆ. ನಿನ್ನ ಫಿಟ್ಟಿಂಗ್ ಆಗೋಕಿಂತ ಮೊದಲಿನ ನೋವೇ ಛಲೋ ಇತ್ತು."

ಮೊಣಕಾಲಿನ ಹಿಂದೆ ನೋವೆಂದರೆ ಸಾಮಾನ್ಯವಾಗಿ ಸೀಟು ಹೆಚ್ಚು ಎತ್ತರವಾಗಿದೆ, ಮುಂದೆ ನೋವೆಂದರೆ ಕಡಿಮೆ ಇದೆ. ಇದು ಪುಣೆಯ ಮೊದಲ ದಿನದ ಪಾಠ. ಫಿರದೋಸ ಸೈಕಲ್ ತರಿಸಿ ಮತ್ತೆ ಅಳೆದರು. ಬಾಗಿಲಿನ ಮೇಲಿನ ಅಂಕಿಗೆ ಸೀಟು ಕರಾರುವಾಕ್ಕಾಗಿತ್ತು. ಆದರೂ ವೆಂಕಣ್ಣ ಕುಳಿತು ತುಳಿದಾಗ ಏನೋ ಕುಗ್ಗಿದಂತೆ ಕಾಣುತ್ತಿತ್ತು. ಕಾಣುತ್ತಿದ್ದದ್ದು ಸಡಿಲ ಪೈಜಾಮಾದ ಒಳಗಿನ ಕಾಲು. ಫಿರದೋಸ ಕಣ್ಣಿಗಿಂತ ಟೇಪನ್ನು ನಂಬಿದರು.

ಅದೇ ದಿನಗಳಲ್ಲಿ ಕ್ಲಬ್ಬು ದಾಂಡೇಲಿಗೆ ಹೋಗಿ ಬರುವ ದೊಡ್ಡ ಸವಾರಿಗೆ ತಯಾರಾಗುತ್ತಿತ್ತು. ಹೊರಡುವ ಮುನ್ನ ಎಲ್ಲರೂ ಸೈಕಲ್ಲನ್ನು ಇನ್ನೊಮ್ಮೆ ಹೊಂದಿಸಿಕೊಳ್ಳಬೇಕು. ಉಣಕಲ್ ಹತ್ತಿರ ಹೊಸ ಶೋರೂಮೊಂದು ತೆರೆದಿತ್ತು. ಅಲ್ಲಿ ಮನುಷ್ಯರು ಅಳೆಯುವುದಿಲ್ಲ, ಕ್ಯಾಮೆರಾ ಅಳೆಯುತ್ತದೆ. ಈ ಸಲ ಎಲ್ಲರನ್ನೂ ಅಲ್ಲಿಗೆ ಕರೆದೊಯ್ಯೋಣ ಎಂದು ವೆಂಕಣ್ಣ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಭಾನುವಾರದ ಸಭೆಯಲ್ಲಿ ತೀರ್ಮಾನ ಎಂದೂ ಹಾಕಿದರು. ಕ್ಲಬ್ಬು ಹೋದರೆ ಫಿರದೋಸಗೆ ಉಳಿಯುವುದು ಮತ್ತೆ ಮಕ್ಕಳ ಸೈಕಲ್ಲಿನ ಪಕ್ಕದ ಗಾಲಿ. ಇಮಾಮಹುಸೇನರಿಗೆ ಸುದ್ದಿ ಮುಟ್ಟಿದಾಗ ಅವರು ದುಃಖವನ್ನೂ ತೋರಿಸಲಿಲ್ಲ, ಸಂತೋಷವನ್ನೂ ಪೂರ್ತಿ ಮುಚ್ಚಿಡಲಿಲ್ಲ.

ಆಗ ಅವರಿಗೆ ಬೇರೆ ಚಿಂತೆ ಇತ್ತು. ಎಪ್ಪತ್ತು ದಾಟಿದ ಅವರು ಇಂದಿಗೂ ಹಳೆಯ ಎತ್ತರದ ಕರಿ ಸೈಕಲ್ ಹೊಡೆಯುತ್ತಾರೆ. ಒಂದು ಕಾಲು ಪೆಡಲಿನ ಮೇಲಿಟ್ಟು, ಇನ್ನೊಂದರಿಂದ ನೆಲ ಒದ್ದು, ಓಡುತ್ತಲೇ ಹಾರಿ ಕೂರುತ್ತಾರೆ. ಮಸೀದಿಯ ಮುಂದೆ ಹಾಗೆಯೇ ಹಾರಿ ಇಳಿಯುತ್ತಾರೆ. ಆ ಸೈಕಲ್ಲಿನ ಸೀಟು ತಾನಾಗಿಯೇ ಕೆಳಗೆ ಜಾರುತ್ತಿತ್ತು.

"ಬೋಲ್ಟು ಹಿಡ್ಯಾಕವಲ್ದು. ಈಗಿನ ಕಬ್ಬಿಣ ಮೊದಲಿನಂಗ ಇಲ್ಲ," ಎನ್ನುತ್ತ ಅವರು ಬೋಲ್ಟಿನ ಮೇಲೆ ಬೋಲ್ಟು ಬದಲಿಸುತ್ತಿದ್ದರು. ಅವರ ಹೆಂಡತಿ ಶರೀಫಾಬಿ, "ವಯಸ್ಸಾದ ಮ್ಯಾಲೆ ಎಲ್ಲಾನೂ ಇಳೀತಾವು, ಬಿಡ್ರಿ," ಎನ್ನುತ್ತಿದ್ದರು.

ಫಿರದೋಸ ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗಾಗಿ ಫೋನು ಹಚ್ಚಿದರು. ಆಶಿಷ್ ಎಂಬ ಹುಡುಗ, ಕ್ಲಬ್ಬಿನಲ್ಲಿ ಎಲ್ಲರಿಗಿಂತ ಜೋರು ಹೋಗುವವನು, ಎಲ್ಲ ಸರಿಯಿದೆ, ನೋವಿಲ್ಲ ಎಂದ. ಅವನ ಅಳತೆ ಹಿಡಿದದ್ದು ಜೊತೆಗೆ ಕೋಣೆಯಲ್ಲಿರುವ ಗೆಳೆಯ. ನೋವಿಲ್ಲ ಎಂದ ಇನ್ನಿಬ್ಬರೂ ಗೆಳೆಯರನ್ನೇ ಕರೆತಂದಿದ್ದವರು. ಉಳಿದವರು ಫಿಟ್ಟಿಂಗ್ ಬಹಳ ಛಲೋ ಆಗಿದೆ ಎಂದು ಹೊಗಳಿ, ಆಮೇಲೆ ಮೊಣಕಾಲಿನ ಮುಂಭಾಗ ಮಾತ್ರ ಆಗಾಗ ಹಿಡಿಯುತ್ತದೆ ಎಂದರು. ಅವರನ್ನೆಲ್ಲ ಅಳೆದದ್ದು ಯಾರು ಎಂದು ಫಿರದೋಸ ಕೇಳಬೇಕಾಗಿರಲಿಲ್ಲ, ನೆನಪಿತ್ತು.

ಶನಿವಾರ ವೆಂಕಣ್ಣ ಮತ್ತು ಮಂದಾಕಿನಿಯನ್ನು ಮತ್ತೆ ಕರೆದರು. ವೆಂಕಣ್ಣ ಸಭೆಗೆ ಮುಂಚೆ ಒಂದು ಅವಕಾಶ ಕೊಡುವ ನ್ಯಾಯಾಧೀಶರಂತೆ ಬಂದು ಅಟ್ಲಾಸ್ ಸಿಕ್ಕಿಸಿಕೊಂಡು ನಿಂತರು. ಮಂದಾಕಿನಿ ಟೇಪು ಹಿಡಿದರು. ಫಿರದೋಸ ಎಂದಿನಂತೆ ಬೆನ್ನು ಮಾಡಿ ಬಾಗಿಲಲ್ಲಿ ನಿಂತರು. ಆದರೆ ಈ ಸಲ ಓಣಿ ನೋಡಲಿಲ್ಲ. ಮಾರಲೆಂದು ಬಾಗಿಲಿಗೆ ನೇತುಹಾಕಿದ್ದ ಸೈಕಲ್ ಕನ್ನಡಿಗಳಲ್ಲಿ ಒಂದನ್ನು ನೋಡಿದರು. ಗಣಿತದ ಟೀಚರು ಟೇಪಿನ ಕೆಳತುದಿಯನ್ನು ನೆಲದಿಂದ ಒಂದು ಬೆರಳಿನಷ್ಟು ಮೇಲಕ್ಕೆತ್ತಿ, ಆ ಸಂದನ್ನು ಅಂಗೈಯಿಂದ ಮರೆಮಾಡಿ, ಎಂದಿನ ಶಿಸ್ತಿನಿಂದ ಎರಡು ಸಲ ಅಂಕಿ ಓದಿದರು.

"ಮತ್ತ ಅದೇ ಬಂತು ನೋಡ್ರಿ," ಎಂದರು.

"ಮತ್ತ ಅದೇ!" ಎಂದರು ವೆಂಕಣ್ಣ. "ಅಂದ್ರ ಅಳತಿ ತಪ್ಪಿಲ್ಲ, ಈ ತಂಗಿ ವಿದ್ಯಾನೇ ತಪ್ಪು."

ಫಿರದೋಸ ಅಂಗಡಿಯ ಮೂಲೆಯಲ್ಲಿ ಬೋಲ್ಟು ಹುಡುಕುತ್ತಿದ್ದ ತಂದೆಯ ಕಡೆ ತಿರುಗಿದರು. "ಅಬ್ಬಾ, ಕಾಕಾಗ ಚಾ ಕುಡಿಸ್ಕೊಂಡು ಬರ್ರಿ."

ಗಂಡಸರಿಬ್ಬರೂ ಓಣಿಯ ತಿರುವು ದಾಟಿದ ಮೇಲೆ ಫಿರದೋಸ ಬಾಗಿಲಿನಿಂದ ಒಳಗೆ ಬಂದರು.

"ಕಾಕೂ, ಟೇಪಿನ ತುದಿ ನೆಲದಿಂದ ಎತ್ತಿದ್ರಿ."

ಮಂದಾಕಿನಿ ಕೈಯಲ್ಲಿದ್ದ ಟೇಪನ್ನು ನೋಡಿಕೊಂಡರು. ಶಾಲೆಯಲ್ಲಿ ನಕಲು ಹಿಡಿಯುವವರು ತಾವೇ ಸಿಕ್ಕಿಬಿದ್ದರೆ ಹೇಗೆ ಕಾಣುತ್ತಾರೋ ಹಾಗೆ ಕಾಣಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು.

"ಎತ್ತೇನಿ. ಏನೀಗ? ಕಾಲು ನೆಲಕ್ಕ ಹತ್ತಬೇಕೋ ಬ್ಯಾಡೋ? ಸಿಗ್ನಲ್‌ನ್ಯಾಗ ತಟ್ಟನ ನಿಂದರಬೇಕಾದ್ರ ಮಗ್ಗಲಿಗೆ ಬಿದ್ರು ಅಂತ ತಿಳಕೊ. ಹಿಂದ ಚಿಗರಿ ಬಸ್ಸು ಬರ್ತಿರತದ. ಎತ್ತಲಿಕ್ಕೆ ನೀನೇನು ಬರ್ತೀಯ? ಅಳತಿ ತಗೋಬೇಕಾದ್ರೇ ಅಷ್ಟು ದೂರ ನಿಂತಿರ್ತಿ."

"ಅವರ ಮೊಳಕಾಲು ಹಾಳಾಗಾಕತ್ತೈತ್ರಿ."

"ಮೊಳಕಾಲು ಹೋದ್ರ ಮನ್ಯಾಗರೆ ಇರತಾರ."

ವೆಂಕಣ್ಣ ಬಂದ ಮೇಲೆ ಫಿರದೋಸ ಟೇಪು ತೋರಿಸಿ ನಿಜ ಹೇಳಿಬಿಡಬಹುದಿತ್ತು. ಭಾನುವಾರದ ಸಭೆಯಲ್ಲಿ ಹೆಸರು ಉಳಿಯುತ್ತಿತ್ತು. ಆದರೆ ಹೆಂಡತಿಯ ಅಳತೆ ನಂಬುವಂಥದ್ದಲ್ಲ ಎಂದು ಕ್ಲಬ್ಬಿಗೆಲ್ಲ ಗೊತ್ತಾದರೆ, ಮುಂದೆ ಬರುವವರು ನೀವೇ ಅಳೆಯಿರಿ ಎನ್ನುತ್ತಾರೆ. ಅಳೆದ ದಿನ ಇಮಾಮಹುಸೇನರು ಶಟರ್ ಎಳೆಯುತ್ತಾರೆ. ಹೇಳಿದರೂ ಅಂಗಡಿ ಹೋಗುತ್ತಿತ್ತು, ಹೇಳದಿದ್ದರೂ ಹೋಗುತ್ತಿತ್ತು.

ಮಂದಾಕಿನಿಯೇ ಸ್ವಲ್ಪ ಮೆತ್ತಗಾದರು. "ನಿಮ್ಮ ತಂದಿ ಅಷ್ಟು ಎತ್ತರದ ಸೈಕಲ್ ಹೊಡೀತಾರಲ್ಲ, ಅವರು ಹೆಂಗ ನಿಂದರ್ತಾರ?"

"ಸೀಟಿನ ಮ್ಯಾಲೆ ಕುಂತು ನಿಂದ್ರಂಗಿಲ್ರಿ. ನಿಲ್ಲೂಕಿಂತ ಮೊದಲ ಇಳೀತಾರ."

"ಹಂಗಾದ್ರ ಇವರಿಗೂ ಇಳಿಯೋದು ಅವರೇ ಕಲಿಸಲಿ. ನನ್ನ ಕಣ್ಣ ಮುಂದ ಕಲೀಲಿ. ಆಮ್ಯಾಲೆ ಎಷ್ಟು ಬೇಕಾದಷ್ಟು ಏರಿಸು, ನಾ ಕೇಳಂಗಿಲ್ಲ."

ಸೀಟು ಏರಿಸುವ ವಿದ್ಯೆಯನ್ನು ಪುಣೆಯಿಂದ ತಂದ ಫಿರದೋಸ, ಏರಿದವರು ಇಳಿಯುವುದು ಹೇಗೆ ಎಂದು ಯಾರಿಗೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ತಂದೆಯನ್ನು ನೋಡಿದ್ದ ಅವರಿಗೆ ಅದು ಕಲಿಸಬೇಕಾದ ಸಂಗತಿ ಎಂದು ಅನಿಸಿರಲೇ ಇಲ್ಲ.

ಚಾ ಮುಗಿಸಿ ಬಂದ ವೆಂಕಣ್ಣನಿಗೆ ಲೆಕ್ಕದಲ್ಲಿ ಸಣ್ಣದೊಂದು ತಿದ್ದುಪಡಿ ಇದೆ ಎಂದಷ್ಟೇ ಹೇಳಲಾಯಿತು. ಸೀಟು ಒಂದು ಬೆರಳು ಏರಿತು. ಆಮೇಲೆ ಇಮಾಮಹುಸೇನರು ಅವರನ್ನು ಓಣಿಯಾಚೆಯ ಬಯಲಿಗೆ ಕರೆದುಕೊಂಡು ಹೋದರು. ಮಂದಾಕಿನಿ ಬೇವಿನ ಗಿಡದ ನೆರಳಲ್ಲಿ ಕಾವಲು ನಿಂತರು.

"ಸಾಹೇಬ್ರ, ಬ್ರೇಕ್ ಹಿಡದ್ರಿ, ಕುಂಡಿ ಎತ್ತರಿ, ಮುಂದ ಬರ್ರಿ. ಪೈಪಿನ ಎರಡೂ ಕಡೆ ಕಾಲು. ಹಾಂ! ಈಗ ಕಾಲು ನೆಲಕ್ಕ ಹತ್ತಿತಿಲ್ಲ?"

"ಹತ್ತಿತು. ಆದ್ರ ಸೀಟು ಹಿಂದ ಉಳೀತು."

"ಅದು ಅಲ್ಲೇ ಇರತೈತಿ, ಎಲ್ಲಿ ಹೋಗಂಗಿಲ್ಲ. ಮತ್ತೊಮ್ಮೆ. ಹೆದರಬ್ಯಾಡ್ರಿ, ನಾ ಹಿಡದೇನಿ."

ಗಂಡಸರ ಕಾಲು, ಸೊಂಟ, ತೋಳು ಎಲ್ಲವನ್ನೂ ಇಮಾಮಹುಸೇನರು ಹಿಡಿದು ತಿದ್ದಿದರು. ಬಾಡಿಗೆ ಸೈಕಲ್ಲಿನ ಕಾಲದ ಮೇಲೆ ಅವರು ಇಷ್ಟು ಖುಷಿಯಾಗಿ ಬಯ್ದದ್ದನ್ನು ಓಣಿಯವರು ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ವೆಂಕಣ್ಣ ಬೀಳದೆ ನಿಲ್ಲಲು ಕಲಿತರು. ಅಂಗಡಿಗೆ ಬಂದ ಇಮಾಮಹುಸೇನರು ಮಗಳಿಗೆ, "ಫಿಟ್ಟಿಂಗೂ ಇಲ್ಲ ಗಿಟ್ಟಿಂಗೂ ಇಲ್ಲ. ಮನಶ್ಯಾಗ ಇಳಿಯಾಕ ಬರ್ತಿರಲಿಲ್ಲ, ಅಷ್ಟ," ಎಂದು ತೀರ್ಪು ಕೊಟ್ಟರು.

ಭಾನುವಾರ ಬೆಳಿಗ್ಗೆ ವೆಂಕಣ್ಣ ಉಣಕಲ್ ಏರು ಹತ್ತಿ ಬಂದು ಸಭೆಯಲ್ಲಿ ಕುಳಿತರು. ಚಳಕು ಪೂರ್ತಿ ಹೋಗಿರಲಿಲ್ಲ, ಆದರೆ ಹೋಗುವ ದಾರಿಯಲ್ಲಿತ್ತು. ಇದಕ್ಕೆ ಕಾರಣ ಮಂದಾಕಿನಿ ರಾತ್ರಿ ಕಾಯಿಸಿ ಹಚ್ಚಿದ ಹರಳೆಣ್ಣೆ ಎಂದು ಅವರು ಸದಸ್ಯರಿಗೆ ವಿವರಿಸಿದರು. ಬೇಕಾದವರಿಗೆ ಎಣ್ಣೆ ಸಿಗುವ ಗಾಣದ ವಿಳಾಸವನ್ನೂ ಕೊಟ್ಟರು. ಶೋರೂಮಿನ ಪ್ರಸ್ತಾಪ ಹಾಗೆಯೇ ಉಳಿದಿತ್ತು. ಆದರೆ ಅದು ಬಿದ್ದುಹೋದದ್ದು ಸಭೆಯಲ್ಲಲ್ಲ, ಸದಸ್ಯರ ಮನೆಗಳಲ್ಲಿ. ಶೋರೂಮಿನ ಒಳಗೆ ಸವಾರರನ್ನು ಮಾತ್ರ ಬಿಡುತ್ತಾರೆ, ಜೊತೆಗೆ ಬಂದವರು ಹೊರಗೆ ಸೋಫಾದ ಮೇಲೆ ಕೂರಬೇಕು ಎಂಬ ಸುದ್ದಿಯನ್ನು ಮಂದಾಕಿನಿ ಹಿಂದಿನ ದಿನವೇ ಹೆಂಗಸರಿಗೆಲ್ಲ ಮುಟ್ಟಿಸಿದ್ದರು. "ನಾ ಒಳಗ ಬರದ ಜಾಗಾಕ್ಕ ನೀವು ಅಳತಿ ಕೊಡಲಿಕ್ಕೆ ಹೋಗಬ್ಯಾಡ್ರಿ" ಎಂಬ ಮಾತನ್ನು ಅಂದು ವಿದ್ಯಾನಗರದಲ್ಲಿ ಒಂದಕ್ಕಿಂತ ಹೆಚ್ಚು ಗಂಡಂದಿರು ಕೇಳಿದರು. ಕ್ಲಬ್ಬು ಫಿರದೋಸ ಅವರ ಅಂಗಡಿಯಲ್ಲೇ ಉಳಿಯಿತು. ಸಭೆಯ ನಿರ್ಣಯದಲ್ಲಿ ಕಾರಣ ಎಂದು ಬರೆದದ್ದು ‘ಕುಟುಂಬ ಪದ್ಧತಿಯ ವೈಜ್ಞಾನಿಕ ಅಳತೆ’.

ದಾಂಡೇಲಿಯ ಸವಾರರು ಈಗ ದಿನಕ್ಕಿಬ್ಬರಂತೆ ಬರುತ್ತಿದ್ದಾರೆ. ಹೆಂಡತಿಯರು ಟೇಪು ಹಿಡಿಯುತ್ತಾರೆ, ಫಿರದೋಸ ಓಣಿ ನೋಡುತ್ತ ನಿಲ್ಲುತ್ತಾರೆ. ಹೆಂಡತಿ ಓದಿದ ಅಂಕಿಗೆ ಅವರು ಯಾರಿಗೂ ಹೇಳದೆ ಒಂದು ಬೆರಳು ಸೇರಿಸುತ್ತಾರೆ, ತಾಯಿ ಓದಿದ್ದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಗೆಳೆಯ ಓದಿದ್ದಕ್ಕೆ ಏನೂ ಸೇರಿಸುವುದಿಲ್ಲ. ಆಮೇಲೆ ಎಲ್ಲರನ್ನೂ ಬಯಲಿಗೆ, ಇಮಾಮಹುಸೇನರ ಕೈಗೆ ಒಪ್ಪಿಸುತ್ತಾರೆ. ಹೊಸ ಸೀಟು ಮೊದಲಿಗಿಂತ ಎತ್ತರ ಇದೆಯಲ್ಲ ಎಂದು ಹೆಂಡತಿಯರಲ್ಲಿ ಯಾರೂ ಈವರೆಗೆ ಕೇಳಿಲ್ಲ. ಕೇಳಬೇಕಾದರೆ ಟೇಪು ಎತ್ತಿದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಕಳೆದ ವಾರ ಫಿರದೋಸ ತಾಯಿಯ ಅಡುಗೆಮನೆಯಲ್ಲಿ ಸೌಟು ಹುಡುಕುತ್ತಿದ್ದರು. ಸೌಟುಗಳ ನಡುವೆ ಕೈಗೆ ಸಿಕ್ಕದ್ದು ಒಂದು ಪಾನಾ, ಬೋಲ್ಟು ಬಿಚ್ಚುವ ಪಾನಾ. ಸೀಟಿನ ಬೋಲ್ಟಿಗೆ ಸರಿಯಾಗಿ ಕೂಡುವ ಅಳತೆಯದು.

"ಅಮ್ಮೀ, ಇದು ಇಲ್ಲಿಗೆ ಹೆಂಗ ಬಂತು?"

ಶರೀಫಾಬಿ ರೊಟ್ಟಿ ತಿರುವಿಹಾಕಿದರು. "ಅದನ್ನ ಅಲ್ಲೇ ಇಡು. ಮತ್ತ ನಿನ್ನ ಅಬ್ಬಾನ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು."

ಫಿರದೋಸ ಅದನ್ನು ಅಲ್ಲೇ ಇಟ್ಟರು. ಇಮಾಮಹುಸೇನರು ಈ ಸಲ ಗಟ್ಟಿ ಉಕ್ಕಿನದೇ ಬೇಕೆಂದು ಹೊಸ ಬೋಲ್ಟ್ ತರಿಸಿದ್ದಾರೆ. ಶುಕ್ರವಾರ ನಮಾಜಿಗೆ ಹೋಗುವ ಮುನ್ನ ಕೂಡಿಸುತ್ತಾರೆ.